ಹೊಂಗೆಮರದ ಗೊದ್ದಗಳು ಮತ್ತು ಬೋರಯ್ಯನ ಟು-ಲೆಟ್ ಬೋರ್ಡು

ಜರಗನಹಳ್ಳಿಯ ಬೋರಯ್ಯನ ತಲೆಗೆ ಹೆಲ್ಮೆಟ್ ಸಿಗುವುದಿಲ್ಲ. ಸಾರಕ್ಕಿಯಿಂದ ಬನಶಂಕರಿಯವರೆಗಿನ ಅಂಗಡಿಯವರೆಲ್ಲ ಟೇಪು ಹಿಡಿದು ಅಳೆದು, ಕೈಮುಗಿದು ಕಳಿಸಿದ್ದಾರೆ. ಒಬ್ಬ ಹಟ ಹಿಡಿದು ಹಾಕಿಯೇಬಿಟ್ಟ. ಅದನ್ನು ವಾಪಸ್ ತೆಗೆಯಲು ಪಕ್ಕದ ಗ್ಯಾರೇಜಿನಿಂದ ಗ್ರೀಸೂ ಇಬ್ಬರು ಮೆಕ್ಯಾನಿಕ್ಕುಗಳೂ ಬರಬೇಕಾಯಿತು. ಕನಕಪುರ ರಸ್ತೆಯ ಸಿಗ್ನಲ್ಲಿನಲ್ಲಿ ಪೊಲೀಸರು ಅಡ್ಡ ಹಾಕಿದರೂ, ಹತ್ತಿರ ಬಂದು ತಲೆ ನೋಡಿ, "ಹೋಗಿ ಯಜಮಾನ್ರೇ, ನಿಧಾನ" ಎಂದು ಬಿಟ್ಟುಬಿಡುತ್ತಾರೆ.

ಇಂಥ ತಲೆಯ ಮನುಷ್ಯ ತಾನೇ ಕಟ್ಟಿಸಿದ ಮೂರಂತಸ್ತಿನ ಮನೆಯ ಮೆಟ್ಟಿಲು ಮಾತ್ರ ಆ ತಲೆಗೇ ಗುರಿಯಿಟ್ಟ ಹಾಗಿದೆ. ನಕ್ಷೆಯ ಪ್ರಕಾರ ಅದು ಪೂರ್ವದ ಗೋಡೆಗುಂಟ ನೆಟ್ಟಗೆ ಹೋಗಬೇಕಿತ್ತು. ಹಾಗೆ ಹೋಗದೆ, ಅರ್ಧ ದಾರಿಯಲ್ಲಿ ಏನೋ ಮರೆತು ಬಂದವರಂತೆ ನಾಲ್ಕಡಿ ಪಕ್ಕಕ್ಕೆ ತಿರುಗುತ್ತದೆ. ಅದರಿಂದಾಗಿ, ಹಿಂದುಗಡೆಯ ಚಿಕ್ಕ ಮನೆಗೆ ಹೋಗುವ ಓಣಿಯ ಮೇಲೆ ಮೆಟ್ಟಿಲ ಅಡಿಯ ಕಾಂಕ್ರೀಟು ತಗ್ಗಾಗಿ ಚಾಚಿಕೊಂಡಿದೆ. ಅಲ್ಲಿ ಓಡಾಡುವವರೆಲ್ಲ ಬಗ್ಗಬೇಕು. ಎಲ್ಲರಿಗೂ "ತಲೆ ಜೋಪಾನ" ಎಂದು ಎಚ್ಚರಿಸುವ ಬೋರಯ್ಯ, ಹೇಳುತ್ತಾ ಹೇಳುತ್ತಾ ತಾನೇ ಹೊಡೆಸಿಕೊಳ್ಳುತ್ತಾನೆ. ಯಾಕೆ ಹೀಗೆ ಕಟ್ಟಿಸಿದಿರಿ ಅಂದರೆ ಒಬ್ಬರಿಗೆ ವಾಸ್ತು ಅನ್ನುತ್ತಾನೆ, ಇನ್ನೊಬ್ಬರಿಗೆ ಮೇಸ್ತ್ರಿ ಆವತ್ತು ಕುಡಿದಿದ್ದ ಅನ್ನುತ್ತಾನೆ.

ನಿಜವಾದ ಕಾರಣ ಆ ತಿರುವಿನಲ್ಲೇ ನಿಂತಿದೆ. ಒಂದು ಹೊಂಗೆಮರ.

ಹನ್ನೊಂದು ವರ್ಷದ ಹಿಂದೆ, ತಾಯಿ ತೀರಿಕೊಂಡ ಹನ್ನೊಂದನೇ ದಿನ, ಹಳೆಯ ಹೆಂಚಿನ ಮನೆಯ ಅಂಗಳದಲ್ಲಿ ನೆಂಟರೆಲ್ಲ ಊಟ ಮುಗಿಸಿ ಕೂತಿದ್ದಾಗ, ಬೋರಯ್ಯನ ಅಕ್ಕ ಸಪ್ಪಲಮ್ಮ ಒಂದು ಮಾತು ಹೇಳಿದ್ದಳು. "ಮನೆ ಕೆಡವ್ಕೊ ಬೋರ. ಅವ್ವ ಕೂರ್ತಿದ್ದ ಮರ ಮಾತ್ರ ಕಡೀಬೇಡ." ಕಂಕುಳಲ್ಲಿ ಹೊಸ ಮನೆಯ ನಕ್ಷೆ ಇಟ್ಟುಕೊಂಡಿದ್ದ ಬೋರಯ್ಯನಿಗೆ ಏನಾಯಿತೋ, "ನೀನು ಈ ಮನೆಯವಳಲ್ಲ. ಮರದ ಸುದ್ದಿ ನಿನಗೆ ಬ್ಯಾಡ" ಎಂದುಬಿಟ್ಟ. ಸಪ್ಪಲಮ್ಮ ಅರ್ಧ ಕುಡಿದ ಕಾಫಿಯ ಲೋಟ ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಬಸ್‌ಸ್ಟಾಪಿನ ಕಡೆ ನಡೆದಳು. ಮತ್ತೆ ಬರಲಿಲ್ಲ.

ಮರ ಕಡಿಯುವವರು ಗರಗಸ ಹೊತ್ತು ಬಂದ ದಿನ ಬೋರಯ್ಯ ಅವರಿಗೆ ಇಡ್ಲಿ ತಿನ್ನಿಸಿ ವಾಪಸ್ ಕಳಿಸಿದ. ಮೇಸ್ತ್ರಿಯನ್ನು ಕರೆದು ಮೆಟ್ಟಿಲು ತಿರುಗಿಸು ಎಂದ. ಆದರೆ ಇದನ್ನು ಅಕ್ಕನಿಗೆ ಹೇಳಬೇಕಾದರೆ ಮೊದಲು ಆವತ್ತು ಆಡಿದ ಮಾತು ತಪ್ಪು ಎಂದು ಹೇಳಬೇಕು. ಅಷ್ಟು ದೊಡ್ಡ ತಲೆ ಕೊಟ್ಟ ದೇವರು ಅದಕ್ಕೆ ತಕ್ಕ ಬಾಯಿ ಕೊಡುವುದನ್ನು ಮರೆತಿದ್ದ. ಭಾವ ತೀರಿಕೊಂಡಾಗಲೂ ಹೋಗಿ, ಜನರ ಸಂದಿಯಲ್ಲಿ ನಿಂತು ಹಾರ ಹಾಕಿ, ತುಟಿ ಎರಡು ಮಾಡದೆ ಬಂದಿದ್ದ.

ಬಾಡಿಗೆ ಮನೆ ನೋಡಲು ಬಂದವರ ಹತ್ತಿರ ಮಾತ್ರ ಬೋರಯ್ಯನ ಬಾಯಿಗೆ ಬಿಡುವಿಲ್ಲ. ಅವರಿಗೆ ಮೊದಲು ತೋರಿಸುವುದು ಮನೆಯನ್ನಲ್ಲ, ಹೊಂಗೆಮರದ ಬುಡದಲ್ಲಿರುವ ಗೊದ್ದಗಳ, ಅಂದರೆ ದೊಡ್ಡ ಕಪ್ಪಿರುವೆಗಳ, ಗೂಡನ್ನು.

"ನೋಡಿ ಸಾರ್, ಇದೂ ಬಿಲ್ಡಿಂಗೇ. ಇಲ್ಲೂ ಮೂರು ಥರದವ್ರು ಅವ್ರೆ. ಬಾಗಿಲಲ್ಲಿ ದಪ್ಪ ತಲೆ ಹೊತ್ಕೊಂಡು ನಿಂತೈತಲ್ಲ, ಓನರ್ರು. ಕೆಲಸ ಇಲ್ಲ, ಬಂದೋರ್ನ ಹೋದೋರ್ನ ಮೂಸೋದೇ. ಮಧ್ಯದ ಸೈಜಿಂದು ಲೀಸಿನವರು, ಗತ್ತಾಗಿ ಓಡಾಡ್ತವೆ. ಈ ಸಣ್ಣವು ಅವಲ್ಲ, ಬೆಳಗಿಂದ ಸಂಜೆಗಂಟ ಓಡೋವು, ಪೀಜಿ. ಒಂದೊಂದ್ ರೂಮಲ್ಲಿ ನಾಲ್ಕು ನಾಲ್ಕು."

ಮೂರೂ ಬೇರೆ ಬೇರೆ ಜಾತಿಯ ಇರುವೆಗಳು, ಬಾಡಿಗೆ ಒಪ್ಪಂದದ ಮೇಲೆ ಒಂದೇ ಕಡೆ ಇವೆ ಎನ್ನುವುದು ಬೋರಯ್ಯನ ಸಂಶೋಧನೆ. ಸಣ್ಣ ಗೊದ್ದವೊಂದು ದಪ್ಪ ತಲೆಯದರ ಬಾಯಿಗೆ ಬಾಯಿ ಇಟ್ಟು ನಿಂತಾಗ, "ನೋಡಿ, ಐದನೇ ತಾರೀಕು, ಬಾಡಿಗೆ ಕಟ್ತಾ ಐತೆ" ಅನ್ನುತ್ತಿದ್ದ. ಜರಗನಹಳ್ಳಿಯಲ್ಲಿ ಮನೆ ಕಟ್ಟಿ ಬಾಡಿಗೆಗೆ ಕೊಟ್ಟವರ ಕಣ್ಣಿಗೆ ಇದು ಬಿಟ್ಟು ಬೇರೆ ಥರ ಕಾಣುವುದೂ ಕಷ್ಟ. ಹನ್ನೊಂದು ವರ್ಷದಲ್ಲಿ ಯಾರೂ ಎದುರು ಹೇಳಿರಲಿಲ್ಲ. ಮನೆ ಬೇಕಾದವರು ಓನರಿನ ಇರುವೆಯನ್ನು ಯಾಕೆ ಪ್ರಶ್ನಿಸುತ್ತಾರೆ?

ಆ ಭಾನುವಾರ ಬೆಳಿಗ್ಗೆ ಬ್ರೋಕರ್ ಯಲ್ಲಯ್ಯನ ಸ್ಕೂಟರು ಗೇಟಿನಲ್ಲಿ ನಿಂತಿತು. ಹಿಂದೆ ಕೂತವರು ಕಾಣಲಿಲ್ಲ. ಯಲ್ಲಯ್ಯನ ಬೆನ್ನು ಅಷ್ಟು ಅಗಲ, ಕೂತವರು ಅಷ್ಟು ಸಣ್ಣ.

"ಸಾರ್, ಹಿಂದಿನ ಮನೆಗೆ ಪಾರ್ಟಿ ಕರ್ಕೊಂಬಂದಿದೀನಿ. ಸಿಂಗಲ್ ಲೇಡಿ, ರಿಟೈರ್ಡು. ಗಲಾಟೆ ಇಲ್ಲ, ಗೆಸ್ಟ್ ಇಲ್ಲ, ನಾಯಿ ಇಲ್ಲ. ಚಿಕ್ಕಲಸಂದ್ರದಲ್ಲಿ ಇವರಿದ್ದ ಮನೆ ಕೆಡವ್ತಾವ್ರೆ. ತಿಂಗಳ ಕೊನೆಗೆ ಖಾಲಿ ಮಾಡ್ಬೇಕು. ಹತ್ತೇ ದಿನ ಇರೋದು."

ಯಲ್ಲಯ್ಯನ ಬೆನ್ನಿನ ಹಿಂದಿನಿಂದ ಸಪ್ಪಲಮ್ಮ ಇಳಿದಳು.

ನಾಲ್ಕಡಿ ಎಂಟಿಂಚು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೈಯಲ್ಲಿ ಅದೇ ಹಳೆಯ ವೈರಿನ ಬುಟ್ಟಿ. ಬೋರಯ್ಯನ ಎದೆಯೊಳಗೆ ಯಾರೋ ಮೋಟರ್ ಆನ್ ಮಾಡಿ ನೀರು ಬಿಡುವುದನ್ನು ಮರೆತ ಹಾಗಾಯಿತು.

"ನಮಸ್ಕಾರ. ಮನೆ ಖಾಲಿ ಇದೆಯಂತಲ್ಲ" ಎಂದಳು ಸಪ್ಪಲಮ್ಮ, ಕಾಲೇಜಿನವರು ಮಾತಾಡುವ ಕನ್ನಡದಲ್ಲಿ.

"ಐತೆ… ಇದೆ ಮೇಡಂ" ಎಂದ ಬೋರಯ್ಯ.

ಹುಟ್ಟಿದಾಗಿನಿಂದ ಅಕ್ಕ ಎಂದು ಕರೆದವಳನ್ನು ಮೇಡಂ ಎಂದ ನಾಲಿಗೆಯನ್ನು ಆತ ಒಳಗೇ ಕಚ್ಚಿಕೊಂಡ. ಆದರೆ ಒಮ್ಮೆ ಅಂದದ್ದನ್ನು ವಾಪಸ್ ತೆಗೆದುಕೊಳ್ಳುವುದು ಹೇಗೆಂದು ಆ ವಂಶದಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಬನ್ನಿ, ತೋರಿಸ್ತೀನಿ. ತಲೆ ಜೋ—" ಎಂದು ಹಿಂದಕ್ಕೆ ತಿರುಗಿದ್ದೇ, ಢಣ್ ಎಂದು ಕಾಂಕ್ರೀಟಿಗೆ ಬಡಿಸಿಕೊಂಡ. ಸಪ್ಪಲಮ್ಮ ಅದೇ ಕಾಂಕ್ರೀಟಿನ ಕೆಳಗೆ ಒಂದಿಷ್ಟೂ ಬಗ್ಗದೆ ನೆಟ್ಟಗೆ ನಡೆದು ಹೋದಳು. ಹನ್ನೊಂದು ವರ್ಷದಲ್ಲಿ ಆ ಓಣಿಯನ್ನು ಹಾಗೆ ದಾಟಿದ ದೊಡ್ಡವರಲ್ಲಿ ಮೊದಲಿನವಳು ಅವಳೇ.

"ಯಾಕೆ ಹೀಗೆ ಕಟ್ಟಿಸಿದೀರ?"

"ವಾಸ್ತು."

"ಓಹೋ."

ಅವಳು ಹೊಂಗೆಮರವನ್ನು ನೋಡಿದಳು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತು ನೋಡಿದಳು. ಆಮೇಲೆ ಮನೆಯ ಹಾಲ್, ಅಡುಗೆಮನೆ, ನಲ್ಲಿ ನೋಡಿದಳು.

"ನೀರು?"

"ಕಾವೇರಿ ಒಂದಿನ ಬಿಟ್ಟು ಒಂದಿನ. ಬೋರ್ ಐತೆ."

"ವೆಜ್ಜಾ ನಾನ್‌ವೆಜ್ಜಾ ಅಂತ ಕೇಳಲ್ವಾ?"

ಬೋರಯ್ಯನಿಗೆ ಅವಳ ಕೈಯ ಬೋಟಿ ಗೊಜ್ಜು ನೆನಪಾಗಿ ಬಾಯಲ್ಲಿ ನೀರೂರಿತು. ನುಂಗಿಕೊಂಡು, "ಅದು ನಿಮ್ಮಿಷ್ಟ ಮೇಡಂ" ಎಂದ.

ಅಷ್ಟರಲ್ಲಿ ಆತನ ಹೆಂಡತಿ ವನಿತಾ ಕಾಫಿ ತಂದಳು. ಮನೆ ನೋಡಲು ಬಂದವರಿಗೆ ಆ ಮನೆಯಲ್ಲಿ ಕಾಫಿ ಕೊಡುವ ಪದ್ಧತಿಯೇ ಇರಲಿಲ್ಲ. ತಂದದ್ದು ಅತ್ತೆಯ ಕಾಲದ ದಪ್ಪ ಅಂಚಿನ ಲೋಟದಲ್ಲಿ. "ಸಕ್ಕರೆ ಕಮ್ಮಿ ಹಾಕಿದೀನಿ ಅತ್ತಿಗೆ" ಎಂದು, ಗಂಡನ ಕಡೆ ನೋಡದೆ ಕೊಟ್ಟಳು.

ಯಲ್ಲಯ್ಯ ಮೂವರನ್ನೂ ನೋಡಿದ. "ನಿಮಗೆ ಮೊದಲೇ ಪರಿಚಯನಾ?"

"ಸ್ವಲ್ಪ" ಎಂದಳು ಸಪ್ಪಲಮ್ಮ.

"ಇವರ ಅಕ್ಕ ಕಣಪ್ಪ" ಎಂದಳು ವನಿತಾ.

ಯಲ್ಲಯ್ಯ ದಪ್ಪ ತಲೆಯ ಆರಡಿಯ ಬೋರಯ್ಯನನ್ನೂ, ಅವನ ಎದೆಮಟ್ಟಕ್ಕೆ ಬರುವ ಸಪ್ಪಲಮ್ಮನನ್ನೂ ಎರಡೆರಡು ಸಲ ಅಳೆದ. "ಸುಮ್ನಿರಿ ಮೇಡಂ, ತಮಾಷೆ ಮಾಡ್ಬೇಡಿ" ಎಂದ.

ಬೋರಯ್ಯ ಮರದ ಬುಡಕ್ಕೆ ನಡೆದ. ಏನಾದರೂ ಹೇಳಬೇಕಿತ್ತು. ಹೇಳಬೇಕಾದ್ದು ಬಾಯಿಗೆ ಬರಲಿಲ್ಲವಾದ್ದರಿಂದ, ಬಾಯಿಗೆ ಬರುವುದನ್ನೇ ಹೇಳಿದ. "ನೋಡಿ ಮೇಡಂ, ಇದೂ ಬಿಲ್ಡಿಂಗೇ. ಇಲ್ಲೂ ಮೂರು ಥರದವ್ರು ಅವ್ರೆ…"

ಓನರ್, ಲೀಸು, ಪೀಜಿ, ಐದನೇ ತಾರೀಕು, ಎಲ್ಲ ಹೇಳಿ ಮುಗಿಸಿದ. ಸಪ್ಪಲಮ್ಮ ಕುಕ್ಕುರುಗಾಲಲ್ಲಿ ಕೂತು ಗೂಡನ್ನು ನೋಡುತ್ತಾ ಪೂರ್ತಿ ಕೇಳಿದಳು. ಆಮೇಲೆ ಎಡಹುಬ್ಬು ಏರಿಸಿದಳು.

ಆ ಹುಬ್ಬಿನ ಬಗ್ಗೆ ಒಂದು ಮಾತು ಹೇಳಬೇಕು. ಸಪ್ಪಲಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ಜಯನಗರದ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ಅಟೆಂಡರ್ ಆಗಿದ್ದಳು. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೇಜಿನ ಮೇಲೆ ಸಾಲಾಗಿ ಬಾಟಲಿ ಇಡುವವಳು ಅವಳೇ. ಹುಡುಗರು ಒಂದೊಂದರ ಮುಂದೆ ನಿಂತು ಒಳಗಿರುವ ಪ್ರಾಣಿ ಯಾವುದು, ಯಾವ ಗುಂಪಿಗೆ ಸೇರಿದ್ದು ಎಂದು ಬರೆಯಬೇಕು. ಅದಕ್ಕೆ ಸ್ಪಾಟರ್ ಅನ್ನುತ್ತಾರೆ. ಹುಡುಗರು ಬಾಟಲಿ ನೋಡುತ್ತಿರಲಿಲ್ಲ, ಮೂಲೆಯಲ್ಲಿ ನಿಂತ ಸಪ್ಪಲಮ್ಮನ ಹುಬ್ಬು ನೋಡುತ್ತಿದ್ದರು. ಬಲಹುಬ್ಬು ಏರಿದರೆ ಸರಿ, ಎಡಹುಬ್ಬು ಏರಿದರೆ ತಪ್ಪು. ಹಾಗೆ ಪಾಸಾದ ಇಬ್ಬರು ಅದೇ ಕಾಲೇಜಿಗೆ ಪ್ರೊಫೆಸರಾಗಿ ಬಂದು, ಪಾಠದ ಮಧ್ಯೆ ಅನುಮಾನ ಬಂದಾಗ ಈಗಲೂ ಬಾಗಿಲ ಕಡೆ ನೋಡುತ್ತಾರೆ.

"ತಪ್ಪು" ಎಂದಳು ಸಪ್ಪಲಮ್ಮ. "ಮೂರು ಜಾತಿ ಅಲ್ಲ, ಒಂದೇ. ಬರ್ಕೊಳಿ. ಕ್ಲಾಸ್ ಇನ್ಸೆಕ್ಟಾ, ಆರ್ಡರ್ ಹೈಮೆನಾಪ್ಟೆರಾ, ಫ್ಯಾಮಿಲಿ ಫಾರ್ಮಿಸಿಡೀ, ಜೀನಸ್ ಕ್ಯಾಂಪೊನೋಟಸ್, ಸ್ಪೀಶೀಸ್ ಕಂಪ್ರೆಸಸ್."

ದೇವಸ್ಥಾನದಲ್ಲಿ ಗೋತ್ರ ನಕ್ಷತ್ರ ಹೇಳುವ ಹಾಗೆ ಒಂದೇ ಉಸಿರಿನಲ್ಲಿ ಹೇಳಿದಳು. ಯಲ್ಲಯ್ಯ ಭಕ್ತಿಯಿಂದ ಚಪ್ಪಲಿ ಬಿಟ್ಟ.

ಬೋರಯ್ಯ ಸೋಲಲಿಲ್ಲ. "ಇದೇನು ಕಂಡಿಲ್ವಾ? ಪಹಣಿ ಇದ್ದಂಗೆ. ಆರ್ಡರ್ ಅಂದ್ರೆ ಜಿಲ್ಲೆ, ಫ್ಯಾಮಿಲಿ ಅಂದ್ರೆ ಬೆಂಗಳೂರು ದಕ್ಷಿಣ ತಾಲ್ಲೂಕು, ಜೀನಸ್ ಅಂದ್ರೆ ಉತ್ತರಹಳ್ಳಿ ಹೋಬಳಿ, ಸ್ಪೀಶೀಸ್ ಅಂದ್ರೆ ಜರಗನಹಳ್ಳಿ. ಆಯ್ತಾ? ಒಂದೇ ಗ್ರಾಮದಲ್ಲಿ ಓನರೂ ಇರ್ತಾನೆ, ಬಾಡಿಗೆಯವನೂ ಇರ್ತಾನೆ."

"ಇರ್ತಾನೆ ಅಲ್ಲ, ಇರ್ತಾಳೆ. ಇಲ್ಲಿ ಓಡಾಡ್ತಿರೋದೆಲ್ಲ ಹೆಣ್ಣು. ಆ ದಪ್ಪ ತಲೇನೂ ಹೆಣ್ಣೇ."

ಬೋರಯ್ಯ ತನಗೇ ಗೊತ್ತಿಲ್ಲದೆ ತಲೆ ಸವರಿಕೊಂಡ. "ಗಂಡಸರೆಲ್ಲಿ?"

"ಗಂಡಿಗೆ ರೆಕ್ಕೆ ಇರತ್ತೆ. ಕಾಲ ಬಂದಾಗ ಒಂದಿನ ಹಾರತ್ತೆ, ಸಾಯತ್ತೆ. ಅಷ್ಟೇ ಕೆಲಸ."

"ಪರವಾಗಿಲ್ಲ, ಹಾರ್ತಾವಾದ್ರೂ" ಎಂದಳು ವನಿತಾ.

ಸಪ್ಪಲಮ್ಮ ಗೂಡಿನ ಬಾಯಿಯನ್ನೇ ನೋಡುತ್ತಾ ಹೇಳಿದಳು. ಕಾಲೇಜಿನ ಕನ್ನಡ ನಿಧಾನಕ್ಕೆ ಅವಳ ನಾಲಿಗೆಯಿಂದ ಕಳಚುತ್ತಿತ್ತು. "ಒಳಗೆ ಒಬ್ಬಳು ತಾಯಿ ಅವ್ಳೆ. ಇವೆಲ್ಲ ಅವಳ ಮಕ್ಕಳೇ. ಗೂಡು ಶುರು ಮಾಡ್ದಾಗ ಒಬ್ಬಳೇ ಇರ್ತಾಳೆ. ತಿನ್ನಕ್ಕೆ ಏನೂ ಇರಲ್ಲ. ತನ್ನ ಮೈ ಕರಗಿಸಿ ಮೊದಲ್ನೇ ಮಕ್ಕಳನ್ನ ಸಾಕ್ತಾಳೆ. ಅದಕ್ಕೇ ಮೊದಲು ಹುಟ್ಟೋವೆಲ್ಲ ಸಣ್ಣವೇ. ಅವು ಹೊರಗೆ ಹೋಗಿ ದುಡ್ಕೊಂಡ್ ಬರ್ತವೆ. ಆಮೇಲೆ ಮನೇಲಿ ಅನುಕೂಲ ಆದ್ಮೇಲೆ ಹುಟ್ಟಿದವು ಚೆನ್ನಾಗಿ ತಿಂದು ತಲೆ ದಪ್ಪ ಮಾಡ್ಕೋತವೆ."

ಬೋರಯ್ಯ ಕೇಳಿಸಿಕೊಂಡ. ಅಕ್ಕ ಹುಟ್ಟಿದಾಗ ಮನೆಯಲ್ಲಿ ರಾಗಿ ಅಂಬಲಿಗೂ ತತ್ವಾರವಿತ್ತಂತೆ. ಆಮೇಲೆ ಅವಳು ಹತ್ತನೇ ವಯಸ್ಸಿಗೇ ಸೊಪ್ಪು ಹೊತ್ತುಕೊಂಡು ಜಯನಗರದ ಬೀದಿಗಳಲ್ಲಿ ಮಾರುತ್ತಿದ್ದಳು. ಆ ಸೊಪ್ಪಿನ ದುಡ್ಡಿನಲ್ಲಿ ಬಂದ ಹಾಲು ಕುಡಿದು ತಲೆ ಬೆಳೆಸಿಕೊಂಡವನು ಯಾರೆಂದು ಆತನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬಾಯಿಗೆ ಬಾಯಿ ಇಡೋದು?" ಎಂದ.

"ಊಟ ಕೊಡೋದು. ಇವಕ್ಕೆ ಎರಡು ಹೊಟ್ಟೆ. ಒಂದು ತನಗೆ, ಇನ್ನೊಂದು ಮನೆಯವರಿಗೆ. ಹೊರಗೆ ಕುಡ್ಕೊಂಡ್ ಬಂದಿದ್ದನ್ನ ಬಾಗಿಲಲ್ಲಿ ನಿಂತೋರಿಗೆ ಹಂಚ್ತವೆ."

ಇಲ್ಲಿಗೆ ಒಪ್ಪಿಕೊಂಡಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಬೋರಯ್ಯನ ಬಾಯಿ ಬೋರಯ್ಯನ ಮಾತು ಕೇಳುವ ಪೈಕಿಯಲ್ಲ. "ಇದೆಲ್ಲ ಪುಸ್ತಕದ್ದು" ಎಂದಿತು ಅದು. "ಪ್ರೂಫು ಏನೈತೆ? ಓನರ್ ಓನರ್ ಒಂದಾಗ್ತಾರೆ, ಬಾಡಿಗೆಯವರ ಮೇಲೆ ಎಗರಾಡ್ತಾರೆ. ಪ್ರಪಂಚದಲ್ಲಿ ನಡೆಯೋದೇ ಹಂಗೆ."

ಸಪ್ಪಲಮ್ಮ ಎದ್ದು ಸೆರಗು ಕೊಡವಿಕೊಂಡಳು. ಮತ್ತೆ ಕಾಲೇಜಿನ ಕನ್ನಡ ಹತ್ತಿ ಕೂತಿತು. "ಮುಂದಿನ ಭಾನುವಾರ ಬರ್ತೀನಿ. ಪ್ರೂಫು ತೋರಿಸ್ತೀನಿ. ನೀವು ಹೇಳಿದ್ದು ನಿಜ ಆದ್ರೆ ನಾನು ಬೇರೆ ಕಡೆ ಮನೆ ನೋಡ್ಕೋತೀನಿ. ಈ ಮರದ ಕೆಳಗೆ ನಾನು ಬಾಡಿಗೆಯವಳಾಗಿ ಇರಕ್ಕಾಗಲ್ಲ."

ಬುಟ್ಟಿಯಿಂದ ಒಂದು ಸಣ್ಣ ಬಾಟಲಿ ತೆಗೆದಳು. ರಿಟೈರಾಗಿ ಮೂರು ವರ್ಷವಾದರೂ ಬಾಟಲಿಯಿಲ್ಲದೆ ಅವಳು ಮನೆಬಿಟ್ಟವಳಲ್ಲ. ಪೊರಕೆಯ ಒಂದು ಹಂಚಿಕಡ್ಡಿಗೆ ಬೆಲ್ಲ ಹಚ್ಚಿ, ಏಳೆಂಟು ಸಣ್ಣ ಗೊದ್ದಗಳನ್ನು ಹತ್ತಿಸಿಕೊಂಡು ಬಾಟಲಿಗೆ ಇಳಿಸಿದಳು. ವನಿತಾಳ ಉಗುರು ಬಣ್ಣ ತರಿಸಿ, ಅದರಲ್ಲಿ ಒಂದೊಂದರ ಬೆನ್ನಿಗೂ ಕೆಂಪು ಚುಕ್ಕೆ ಇಟ್ಟಳು. ಅಷ್ಟು ಸಣ್ಣ ಬೆನ್ನಿಗೆ ಕೈ ನಡುಗದೆ ಬೊಟ್ಟು ಇಡುವುದನ್ನು ನೋಡಿ ಯಲ್ಲಯ್ಯ, "ಮದುವೆಗಳಿಗೆ ಮೆಹಂದಿ ಹಾಕ್ತೀರಾ ಮೇಡಂ?" ಎಂದು ಕೇಳಿದ.

ಆ ವಾರ ಬೋರಯ್ಯ ವಿಚಿತ್ರ ಸಂಕಟದಲ್ಲಿ ಬಿದ್ದ. ಅಕ್ಕ ಉಳಿಯಬೇಕಾದರೆ ತಾನು ಸೋಲಬೇಕು. ಹುಟ್ಟಿದಾಗಿನಿಂದ ವಾದದಲ್ಲಿ ಸೋತು ಅಭ್ಯಾಸವಿಲ್ಲ. ದಿನಾ ಬೆಳಿಗ್ಗೆ ಓದುವ ಕನ್ನಡಕ ಹಾಕಿಕೊಂಡು ಮರದ ಬುಡದಲ್ಲಿ ಕೂತು, ಗೊದ್ದಗಳನ್ನು ನೋಡಿ, "ಮರ್ಯಾದೆಯಾಗಿ ನಡ್ಕೊಳ್ರೇ" ಎಂದು ಗದರಿಸಿದ. ತೋಟದಂತೆ ಮಾಡಿದ್ದ ತಾರಸಿಯ ಅವರೆ ಗಿಡದಲ್ಲಿ ಅವು ಗಿಡಹೇನುಗಳನ್ನು ಹಸುವನ್ನು ನೇವರಿಸುವಂತೆ ಸವರಿ, ಆ ಹೇನುಗಳು ಬಿಟ್ಟ ಸಿಹಿ ಹನಿ ಕುಡಿಯುವುದನ್ನು ನೋಡಿದ. ಹೊಟ್ಟೆ ತುಂಬಿದವು ಅಲ್ಲೇ ಮಲಗದೆ, ಮೂರು ಅಂತಸ್ತು ಇಳಿದು ಮನೆಗೆ ಹೋಗುವುದನ್ನೂ ನೋಡಿದ. ಇಷ್ಟು ವರ್ಷ ಇವುಗಳ ಹಿಂದೆ ಒಂದು ಸಲವೂ ತಾನು ಮೆಟ್ಟಿಲಿಳಿದಿರಲಿಲ್ಲ ಎಂದು ಆಗ ಹೊಳೆಯಿತು.

ಈ ನಡುವೆ ಮನೆ ಕೇಳಿಕೊಂಡು ಮೂರು ಜನ ಬಂದರು. ಕುಮಾರಸ್ವಾಮಿ ಲೇಔಟಿನಿಂದ ಬಂದ ಬ್ಯಾಂಕಿನವರಿಗೆ, ಇಲ್ಲಿ ಸೂರ್ಯ ಅರ್ಧ ಗಂಟೆ ತಡವಾಗಿ ಹುಟ್ಟುತ್ತಾನೆ ಎಂದು ಹೇಳಿ ಕಳಿಸಿದ. ಎರಡು ವರ್ಷದ ಮಗು ಎತ್ತಿಕೊಂಡು ಬಂದ ದಂಪತಿಗೆ, "ನಿಮ್ಮ ಕೂಸು ಎತ್ತರ ಬೆಳೆಯೋ ಲಕ್ಷಣ ಐತೆ, ಮೆಟ್ಟಲು ತಲೆಗೆ ಹೊಡೀತದೆ" ಎಂದ. ಮೂರನೆಯವನು ಏನೂ ತಕರಾರಿಲ್ಲದೆ ಮನೆ ಒಪ್ಪಿಕೊಂಡದ್ದಕ್ಕೆ, "ಇಷ್ಟು ಬೇಗ ಒಪ್ಪೋರನ್ನ ನಾನು ನಂಬಲ್ಲ" ಎಂದು ಗೇಟು ಹಾಕಿದ.

"ಅತ್ತಿಗೆಗೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತು" ಎಂದಳು ವನಿತಾ.

"ನಂಬರ್ ಇಲ್ಲ."

"ನನ್ನತ್ರ ಐತೆ. ಹನ್ನೊಂದು ವರ್ಷದಿಂದ ಐತೆ. ಆ ಯಲ್ಲಯ್ಯ ಚಿಕ್ಕಲಸಂದ್ರದವರೆಗೂ ಹೋಗಿ ಪಾರ್ಟಿ ಹುಡುಕ್ಕೊಂಡ್ ಬಂದ ಅಂದ್ಕೊಂಡ್ರಾ?"

ಬೋರಯ್ಯ ಹೆಂಡತಿಯನ್ನು ಹೊಸ ಪ್ರಾಣಿ ನೋಡಿದ ಹಾಗೆ ನೋಡಿದ. ಯಾವ ಆರ್ಡರು, ಯಾವ ಫ್ಯಾಮಿಲಿ ಎಂದು ಗೊತ್ತಾಗಲಿಲ್ಲ.

ಭಾನುವಾರ ಹತ್ತು ಗಂಟೆಗೆ ಸಪ್ಪಲಮ್ಮ ಬಂದಳು. ಮನೆ ಖಾಲಿ ಮಾಡಲು ಇನ್ನು ಮೂರೇ ದಿನ. ಬುಟ್ಟಿಯಲ್ಲಿ ಬಾಟಲಿಯ ಜೊತೆಗೆ ಬಟ್ಟೆ ಸುತ್ತಿದ ಒಂದು ಸ್ಟೀಲ್ ಡಬ್ಬಿಯಿತ್ತು. ಅದರ ವಾಸನೆ ಬೋರಯ್ಯನ ಮೂಗಿಗೆ ಗೇಟಿನಿಂದಲೇ ತಲುಪಿತು. ಡಬ್ಬಿಯನ್ನು ಅವಳು ಯಾರಿಗೂ ಕೊಡಲಿಲ್ಲ. ಮರಕ್ಕೆ ಒರಗಿಸಿ ಇಟ್ಟಳು.

ವನಿತಾ ಅಗಲವಾದ ಅಲ್ಯುಮಿನಿಯಂ ಬೋಗುಣಿ ತಂದಳು. ಸಪ್ಪಲಮ್ಮ ಅದರ ಒಳಗಿನ ಅಂಚಿಗೆಲ್ಲ ಮುಖದ ಪೌಡರ್ ಹಚ್ಚಿದಳು. ಪೌಡರಿನ ಮೇಲೆ ಇರುವೆ ಹತ್ತಲಾರದು, ಜಾರುತ್ತದೆ. ಲ್ಯಾಬಿನ ಉಪಾಯ. ಯಲ್ಲಯ್ಯ ಜೇಬಿನಿಂದ ಬೆಂಕಿಪೊಟ್ಟಣ ತೆಗೆದ. ಸಪ್ಪಲಮ್ಮ ಹೇಳಿದ್ದಂತೆ ಬಸ್‌ಸ್ಟಾಪಿನ ಮಳೆಮರದ ಗೂಡಿನಿಂದ ದಪ್ಪ ತಲೆಯ ಒಂದು ಗೊದ್ದ ಹಿಡಿದು ತಂದಿದ್ದ. ಹಿಡಿಯುವಾಗ ಅದು ಬೆರಳಿಗೆ ಕಚ್ಚಿಕೊಂಡು ಎರಡು ಸ್ಟಾಪು ದೂರ ಬಂತಂತೆ.

"ಮೊದಲ್ನೇ ಸ್ಪಾಟರ್" ಎಂದಳು ಸಪ್ಪಲಮ್ಮ. ಹೊಂಗೆಮರದ ದಪ್ಪ ತಲೆಯದೊಂದನ್ನು ಬೋಗುಣಿಗೆ ಬಿಟ್ಟಳು. "ಇದು ಈ ಮನೆ ಓನರ್. ಅದು ಆ ಮನೆ ಓನರ್. ಒಂದೇ ಸೈಜು, ಒಂದೇ ಬಣ್ಣ. ನಿಮ್ಮ ಲೆಕ್ಕದಲ್ಲಿ ಏನಾಗ್ಬೇಕು?"

"ಕೂತ್ಕೊಂಡು ಮಾತಾಡ್ತಾವೆ" ಎಂದ ಬೋರಯ್ಯ, ಅಭ್ಯಾಸ ಬಲದಿಂದ.

ಯಲ್ಲಯ್ಯ ಬೆಂಕಿಪೊಟ್ಟಣ ತೆರೆದ. ಎರಡು ದಪ್ಪ ತಲೆಗಳು ಎದುರುಬದುರಾಗಿ ಮೀಸೆಯಂಥ ಕೊಂಬುಗಳಿಂದ ಒಂದನ್ನೊಂದು ಮುಟ್ಟಿದ್ದಷ್ಟೇ. ಮರುಗಳಿಗೆ ದವಡೆಗೆ ದವಡೆ ಬಿದ್ದು ಉರುಳಿದವು. ಹೊಟ್ಟೆ ಮಡಚಿ ಒಂದರ ಮೇಲೊಂದು ಆಸಿಡ್ ಚಿಮ್ಮಿಸಿದವು. ಬೋಗುಣಿಯಿಂದ ಹುಳಿಹುಳಿ ಘಾಟು ಎದ್ದು, ಅತಿ ಹತ್ತಿರ ಬಗ್ಗಿದ್ದ ಯಲ್ಲಯ್ಯನಿಗೆ ಸೀನು ಬಂತು.

"ಓನರ್ಸ್ ಅಸೋಸಿಯೇಷನ್ ಮೀಟಿಂಗ್ ಹಿಂಗೇ ಆಗೋದು ಸಾರ್" ಎಂದ.

ಸಪ್ಪಲಮ್ಮ ಹುಲ್ಲುಕಡ್ಡಿಯಲ್ಲಿ ಅವನ್ನು ಬಿಡಿಸಿ, ಬಸ್‌ಸ್ಟಾಪಿನದನ್ನು ಪೊಟ್ಟಣಕ್ಕೆ ಹಾಕಿದಳು. "ಇವು ಮುಖ ನೋಡಲ್ಲ, ಸೈಜ್ ನೋಡಲ್ಲ. ಮೈ ವಾಸನೆ ನೋಡ್ತವೆ. ಒಂದೊಂದು ಮನೆಗೆ ಒಂದೊಂದು ವಾಸನೆ." ಆಮೇಲೆ ಬಾಟಲಿ ಕೈಗೆತ್ತಿಕೊಂಡಳು, ಮುಚ್ಚಳ ತೆಗೆಯಲಿಲ್ಲ.

"ಹಾಕಿ" ಎಂದಳು ವನಿತಾ.

"ಇದು ಎಂಟು ದಿನ ಹೊರಗಿತ್ತು. ನನ್ನ ಮನೇಲಿ, ನನ್ನ ಬೆಲ್ಲದ ನೀರು ಕುಡ್ಕೊಂಡು." ಸಪ್ಪಲಮ್ಮ ಬೋರಯ್ಯನ ಕಡೆ ನೋಡಲಿಲ್ಲ, ಬೋಗುಣಿಗೇ ಹೇಳಿದಳು. "ವಾಸನೆ ಎಷ್ಟು ಉಳ್ದಿರತ್ತೋ ಗೊತ್ತಿಲ್ಲ. ಬಹಳ ದಿನ ಹೊರಗಿದ್ರೆ ಮನೆಯವರೇ ಗುರುತು ಹಿಡೀದೆ ಕೊಂದಿದ್ದೂ ಉಂಟು. ಏನಾಗತ್ತೋ ನನಗೂ ಗೊತ್ತಿಲ್ಲ."

ಬಾಟಲಿ ಬಗ್ಗಿಸಿದಳು. ಬೆನ್ನ ಮೇಲೆ ಕೆಂಪು ಚುಕ್ಕೆಯ ಒಂದು ಸಣ್ಣ ಗೊದ್ದ ಬೋಗುಣಿಗೆ ಬಿತ್ತು.

ದಪ್ಪ ತಲೆಯದು ಆಗತಾನೇ ಜಗಳ ಮಾಡಿದ ಕಾವಿನಲ್ಲಿತ್ತು. ದವಡೆ ಅಗಲಿಸಿಕೊಂಡೇ ನುಗ್ಗಿತು. ಸಣ್ಣದು ಓಡಲಿಲ್ಲ. ನಿಂತಲ್ಲೇ ಮುದುರಿಕೊಂಡು ನಿಂತಿತು. ದಪ್ಪ ತಲೆ ಅದರ ಮೇಲೆ ಬಂದು ನಿಂತು, ಕೊಂಬುಗಳಿಂದ ತಲೆ ಮುಟ್ಟಿತು, ಬೆನ್ನು ಮುಟ್ಟಿತು, ಕೆಂಪು ಚುಕ್ಕೆ ಮುಟ್ಟಿ ಹಿಂದಕ್ಕೆ ಸರಿಯಿತು. ಮತ್ತೆ ಬಂದು ಮುಟ್ಟಿತು. ದವಡೆ ಮುಚ್ಚಲೇ ಇಲ್ಲ.

ಬೋರಯ್ಯ ಮಂಡಿಯೂರಿ ಬೋಗುಣಿಯ ಮೇಲೆ ಬಗ್ಗಿದ್ದ. ಅಷ್ಟು ದೊಡ್ಡ ತಲೆಯ ನೆರಳು ಬಿದ್ದು ಒಳಗೆಲ್ಲ ಸಂಜೆಯಾಯಿತು.

"ಮುಚ್ಚೇ ಬಾಯಿ" ಎಂದ ಬೋರಯ್ಯ, ಮೆಲ್ಲಗೆ. "ನಿನ್ನ ಅಕ್ಕ ಕಣೇ ಅದು. ಗುರ್ತು ಸಿಕ್ಕಲ್ವಾ? ದಪ್ಪ ತಲೆ ಹೊತ್ಕೊಂಡಿದೀಯ, ಒಳಗೇನೂ ಇಲ್ವಾ? ಮುಚ್ಚೇ."

ಯಾರೂ ನಗಲಿಲ್ಲ. ಯಲ್ಲಯ್ಯ ಕೂಡ.

ದಪ್ಪ ತಲೆಯದು ಮೂರನೇ ಸಲ ತಡವಿ ನೋಡಿತು. ದವಡೆ ಮುಚ್ಚಿತು. ಸಣ್ಣದು ಮುದುರಿದ್ದ ಕಾಲುಗಳನ್ನು ಬಿಡಿಸಿ, ಮುಖ ಮೇಲೆತ್ತಿತು. ದಪ್ಪ ತಲೆ ಬಗ್ಗಿತು. ಸಣ್ಣದರ ಬಾಯಲ್ಲಿ ಒಂದು ಹನಿ ಹೊಳೆಯಿತು. ಎಂಟು ದಿನ ಎರಡನೇ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಬೆಲ್ಲದ ನೀರನ್ನು ಅದು ಬಾಯಿಗೆ ಬಾಯಿ ಇಟ್ಟು ಕುಡಿಸತೊಡಗಿತು.

ಬಹಳ ಹೊತ್ತು ಕುಡಿಸಿತು. ಬೋರಯ್ಯ ತಲೆಯೆತ್ತಲಿಲ್ಲ. ಬೋಗುಣಿಯ ಅಂಚಿನ ಪೌಡರಿನ ಮೇಲೆ ಒಂದೆರಡು ಹನಿ ಬಿದ್ದು ಗುಳಿಯಾಯಿತು. ಅದು ಆಸಿಡ್ಡಿನ ಘಾಟಿಗೆ ಬಂದದ್ದು ಎಂದು ಆತ ಇವತ್ತಿಗೂ ಹೇಳುತ್ತಾನೆ.

"ಮರ ಕಡೀಲಿಲ್ಲ ಅಕ್ಕ" ಎಂದ, ಬೋಗುಣಿಯೊಳಕ್ಕೇ.

"ನೋಡ್ದೆ. ಹೋದ ಭಾನುವಾರ ಗೇಟಲ್ಲೇ ನೋಡ್ದೆ."

"ಮತ್ತೆ ಯಾಕೆ ಏನೂ ಅನ್ಲಿಲ್ಲ?"

"ನೀನು ವಾಸ್ತು ಅಂದೆಯಲ್ಲ."

ಬೋರಯ್ಯ ಮೂಗೊರೆಸಿಕೊಂಡ. "ಆವತ್ತು ನಾನು ಅಂದಿದ್ದು ಐತಲ್ಲ… ಈ ಮನೆಯವಳಲ್ಲ ಅಂತ… ಅದು ತಪ್ಪು." ಹನ್ನೊಂದು ವರ್ಷ ಗಂಟಲಲ್ಲಿ ಕೂತದ್ದು ಹೊರಬರುವಾಗ ಅಷ್ಟೇನೂ ದೊಡ್ಡದಿರಲಿಲ್ಲ. ತಲೆಯೆತ್ತಿ ಅಕ್ಕನ ಮುಖ ನೋಡಿದ, ಪರೀಕ್ಷೆಯ ಹುಡುಗನ ಹಾಗೆ.

ಸಪ್ಪಲಮ್ಮನ ಬಲಹುಬ್ಬು ಏರಿತು.

ಅವಳು ಬೋಗುಣಿಯನ್ನು ಮರದ ಬುಡಕ್ಕೆ ಬಗ್ಗಿಸಿದಳು. ಎರಡೂ ಗೊದ್ದಗಳು ಒಂದರ ಹಿಂದೊಂದು ಗೂಡಿಗೆ ಇಳಿದವು. ಬಾಟಲಿಯಲ್ಲಿ ಉಳಿದ ಕೆಂಪು ಚುಕ್ಕೆಗಳನ್ನೂ ಬಾಗಿಲಲ್ಲೇ ಬಿಟ್ಟಳು. ಯಲ್ಲಯ್ಯನನ್ನು, ತಂದದ್ದನ್ನು ತಂದಲ್ಲಿಗೇ ಬಿಡಬೇಕೆಂದು ಹೇಳಿ ಬೆಂಕಿಪೊಟ್ಟಣದ ಜೊತೆ ಬಸ್‌ಸ್ಟಾಪಿಗೆ ಅಟ್ಟಿದಳು. ಆಮೇಲೆ ಡಬ್ಬಿಯ ಬಟ್ಟೆ ಬಿಚ್ಚಿದಳು.

"ಮುದ್ದೆ ಐತಾ ವನಿತಾ?"

"ಒಲೆ ಮೇಲೇ ಐತೆ ಅತ್ತಿಗೆ. ಕೋಲು ಹಾಕೋದೊಂದೇ ಬಾಕಿ."

ಯಲ್ಲಯ್ಯ ವಾಪಸ್ ಬಂದಾಗ ಮೂವರೂ ಮರದ ಕೆಳಗೆ ಚಾಪೆ ಹಾಕಿಕೊಂಡು ಊಟಕ್ಕೆ ಕೂತಿದ್ದರು. ನಾಲ್ಕನೇ ತಟ್ಟೆ ಅವನಿಗಿತ್ತು. ಒಂದು ತುತ್ತು ನುಂಗಿ, ಕಸುಬು ಮರೆಯಬಾರದೆಂದು ಕೇಳಿದ. "ಸಾರ್, ಹಂಗಾದ್ರೆ ಅಗ್ರಿಮೆಂಟು ಹನ್ನೊಂದು ತಿಂಗಳಿಗಾ?"

"ಯಾವ ಅಗ್ರಿಮೆಂಟು?" ಎಂದ ಬೋರಯ್ಯ. ಎದ್ದು, ಕೈತೊಳೆದು, ಗೇಟಿಗೆ ಕಟ್ಟಿದ್ದ ಟು-ಲೆಟ್ ಬೋರ್ಡು ಬಿಚ್ಚಿದ. ಕಂಕುಳಲ್ಲಿ ಇಟ್ಟುಕೊಂಡು, ಹಿಂದಿನ ಮನೆಯ ಬೀಗ ತೆಗೆಯಲು ಓಣಿಯ ಕಡೆ ಗತ್ತಿನಿಂದ ನಡೆದ.

"ಬೋರ, ತಲೆ!" ಎಂದಳು ಸಪ್ಪಲಮ್ಮ.

ಆ ಹೊಂಗೆಮರದ ಎಲೆಯೆಲ್ಲ ಒಂದು ಸಲ ಅದುರಿತು ಅನ್ನುತ್ತಾರೆ ಅಕ್ಕಪಕ್ಕದವರು.

ಈಗಲೂ ಬೋರಯ್ಯ ಮೇಲಿನ ಮನೆ ಕೇಳಿಕೊಂಡು ಬಂದವರನ್ನು ಮೊದಲು ಮರದ ಬುಡಕ್ಕೇ ಕರೆದುಕೊಂಡು ಹೋಗುತ್ತಾನೆ. "ನೋಡಿ ಸಾರ್, ಮೂರು ಸೈಜು ಕಾಣ್ತದಲ್ಲ, ಎಲ್ಲಾ ಒಂದೇ ತಾಯಿ ಮಕ್ಕಳು. ಕ್ಯಾಂಪೊನೋಟಸ್ ಕಂಪ್ರೆಸಸ್. ಇದನ್ನ ನಾನೇ ಕಂಡುಹಿಡಿದಿದ್ದು" ಎನ್ನುತ್ತಾ, ಮಾತಿನ ಮಧ್ಯೆ ಹಿಂದಿನ ಮನೆಯ ಕಿಟಕಿಯ ಕಡೆ ಒಂದು ಸಲ ನೋಡುತ್ತಾನೆ. ಅಲ್ಲಿ ಸೊಪ್ಪು ಬಿಡಿಸುತ್ತಾ ಕೂತ ಸಪ್ಪಲಮ್ಮನ ಹುಬ್ಬು ಯಾವುದು ಏರಿದೆ ಎಂದು ನೋಡಿಕೊಂಡೇ ಮುಂದುವರಿಸುತ್ತಾನೆ.